ಸೆಕೆಂಡ್ ಹ್ಯಾಂಡ್ ಪುಲ್‌ಬ್ಯಾಕ್ ಮೋಟರ್ ತಗೊಳ್ಳುವವರೇ, ಹತ್ತು ಮಿಲಿಮೀಟರ್ ಡೆಮೊ ನಂಬಬೇಡಿ

ಬೆಳಗಾವಿಯ ಒಂದು ಸಣ್ಣ ಕ್ಯಾಥ್ ಲ್ಯಾಬ್‌ನಲ್ಲಿ, ಅಂದರೆ ಹೃದಯದ ರಕ್ತನಾಳಕ್ಕೆ ಸಪೂರ ಕೊಳವೆ ಇಳಿಸಿ ಪರೀಕ್ಷೆ, ಚಿಕಿತ್ಸೆ ಮಾಡುವ ಕೋಣೆಯಲ್ಲಿ, ನಾನು ಟೆಕ್ನಿಷಿಯನ್. ಇದನ್ನು ಯಾರಿಗೂ ಹೇಳಬಾರದು ಅಂತಲೇ ಇದ್ದೆ. ನಾಚಿಕೆ. ಆದರೆ ನಿನ್ನೆ ಬಾಗಲಕೋಟೆಯಿಂದ ಗೆಳೆಯ ಫೋನ್ ಮಾಡಿದ. "ಐವಸ್‌ಗೆ ಒಂದು ಪುಲ್‌ಬ್ಯಾಕ್ ಮೋಟರ್ ಸೆಕೆಂಡ್ ಹ್ಯಾಂಡ್ ಬಂದೈತಿ. ಸೋಮವಾರ ಡೆಮೊ. ನೀನೂ ಅವ್ರ ಕಡೆನೇ ತಗೊಂಡೀಯಂತಲ್ಲ, ಹೆಂಗೈತಿ?" ಅಂದ. ನನಗೆ ಮಾರಿದವರೇ ಈಗ ನನ್ನ ಹೆಸರು ಹೇಳಿಕೊಂಡು ಮಾರುತ್ತಿದ್ದಾರೆ, ಪುಣ್ಯಾತ್ಮರು! ಅದಕ್ಕೇ ಬರೆಯುತ್ತಿದ್ದೇನೆ.

ಐವಸ್ ಅಂದರೆ ಕ್ಯಾಥೆಟರ್ ಎಂಬ ಸಪೂರ ಕೊಳವೆಯನ್ನು ರಕ್ತನಾಳಕ್ಕೆ ಇಳಿಸಿ, ಒಳಗಿಂದಲೇ ಅಲ್ಟ್ರಾಸೌಂಡ್ ಚಿತ್ರ ತೆಗೆಯುವುದು. ಆ ಕೊಳವೆಯನ್ನು ಒಂದೇ ವೇಗದಲ್ಲಿ ಹಿಂದಕ್ಕೆ ಎಳೆಯುವುದೇ ಪುಲ್‌ಬ್ಯಾಕ್ ಮೋಟರ್. ಐವಸ್ ಮಾಡುವವರಿಗೆ ಮುಂದಿನದು ಗೊತ್ತಿರುವುದೇ. ರಕ್ತನಾಳದ ಒಳಗೆ ಕ್ಯಾಥೆಟರ್ ತುದಿ ಎಲ್ಲಿದೆ ಅಂತ ಮಷಿನ್‌ಗೆ ಗೊತ್ತಿರಲ್ಲ. ಸೆಕೆಂಡಿಗೆ 0.5 ಮಿಲಿಮೀಟರ್ ವೇಗದಲ್ಲಿ ಮೋಟರ್ ಹಿಂದಕ್ಕೆ ಎಳೆಯುತ್ತಿದೆ ಅಂತ ನಂಬಿ, ಮಷಿನ್ ಬರೀ ಸಮಯ ಎಣಿಸಿ ಉದ್ದ ಹೇಳುತ್ತದೆ. ಸೆಕೆಂಡಿಗೆ 30 ಚಿತ್ರ ಅಂದರೆ ಒಂದು ಮಿಲಿಮೀಟರಿಗೆ 60 ಚಿತ್ರ. ಮೋಟರ್ ನಡುವೆ ಮುಗ್ಗರಿಸಿದರೂ ಚಿತ್ರ ಮಾತ್ರ ಚೆಂದವೇ ಬರುತ್ತದೆ. ಉದ್ದ ಸುಳ್ಳಾಗುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ಮೋಸ ಹೋದೆ, ಅದೇ ಸಂಕಟ.

ನನಗೆ ಡೆಮೊ ಕೊಟ್ಟ ದಿನ ಮಾರುವವರು ಟೇಬಲ್ ಮೇಲೆ ಉಪ್ಪುನೀರು ತುಂಬಿದ ನೇರ ಪ್ಲಾಸ್ಟಿಕ್ ಟ್ಯೂಬ್ ಇಟ್ಟರು. ಪಕ್ಕಕ್ಕೆ ಸ್ಟೀಲ್ ಸ್ಕೇಲ್. ಮೋಟರ್ ಚಾಲೂ ಮಾಡಿ ತಮ್ಮ ಮೊಬೈಲ್‌ನಲ್ಲೇ ಸ್ಟಾಪ್‌ವಾಚ್ ಒತ್ತಿದರು. 10 ಮಿಲಿಮೀಟರ್‌ಗೆ ಸರಿಯಾಗಿ 20 ಸೆಕೆಂಡ್. "ನೋಡ್ರಿ ಸರ್, ಗಡಿಯಾರ ಇದ್ದಂಗ!" ಅಂದವರೇ ಆಫ್ ಮಾಡಿಬಿಟ್ಟರು. ಪೂರ್ತಿ ಎಳೆದು ತೋರಿಸಿ ಅಂತ ಬಾಯಿಗೆ ಬಂದಿತ್ತು. ಅಷ್ಟರಲ್ಲಿ "ಸುಮ್ನೆ ಮೋಟರ್ ಬಿಸಿ ಮಾಡೂದು ಬ್ಯಾಡ" ಅಂದರು. ನಾನು ತಲೆಯಾಡಿಸಿದೆ. ಯಾಕೆ ತಲೆಯಾಡಿಸಿದೆ? ಇವತ್ತಿಗೂ ರಾತ್ರಿ ಮಲಗಿದಾಗ ಅದೇ ನೆನಪು. ಲ್ಯಾಮಿನೇಷನ್ ಮಾಡಿಸಿದ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಕೂಡ ಕೊಟ್ಟರು. ಅದರಲ್ಲಿ ತಾರೀಖು ಇತ್ತು, ಸಹಿ ಇತ್ತು, ಮಷಿನ್‌ನ ಸೀರಿಯಲ್ ನಂಬರ್ ಇರಲಿಲ್ಲ. ಅದನ್ನೂ ನೋಡಲಿಲ್ಲ. "ನಾ ನೋಡೀನ್ರಿ ಸರ್, ಚಲೋ ಐತಿ" ಅಂತ ಡಾಕ್ಟರಿಗೆ ಹೇಳಿ 1,80,000 ರೂಪಾಯಿ ಕೊಡಿಸಿದೆ. ಹೋಗುವಾಗ ಅವರಿಗೆ ಅರ್ಧ ಕಿಲೋ ಕುಂದಾ ಬೇರೆ ಕಟ್ಟಿಸಿಕೊಟ್ಟೆ. ಹೌದು, ನನ್ನ ದುಡ್ಡಲ್ಲಿ.

ಗುಟ್ಟು ರಟ್ಟಾಗಿದ್ದು ಮೂರನೇ ಕೇಸ್‌ನಲ್ಲಿ. ಪೇಷಂಟ್‌ಗೆ ನಮ್ಮಲ್ಲೇ ಹಿಂದೆ ಹಾಕಿದ್ದ ಸ್ಟೆಂಟ್ (ನಾಳ ಮುಚ್ಚದಂತೆ ಹಿಡಿದಿಡುವ ಜಾಲರಿ ಕೊಳವೆ) ಇತ್ತು. ಫೈಲ್‌ನಲ್ಲಿ 28 ಮಿಲಿಮೀಟರ್ ಅಂತ ಸ್ಪಷ್ಟವಾಗಿದೆ. ಪುಲ್‌ಬ್ಯಾಕ್ ಮಾಡಿ ಅಳೆದರೆ 33! ನನ್ನ ಗುರುತೇ ತಪ್ಪಿರಬೇಕು ಅಂತ ಮತ್ತೆ ಹಾಕಿದೆ. ಮತ್ತೆ 33. ಹೃದಯ ಬಡಿದಾಗ ಕ್ಯಾಥೆಟರ್ ಹಿಂದೆ ಮುಂದೆ ಆಡುತ್ತದೆ, ಸ್ವಲ್ಪ ಹೆಚ್ಚುಕಮ್ಮಿ ಸಹಜ. ಆದರೆ ಐದು ಮಿಲಿಮೀಟರಾ? ಡಾಕ್ಟರ್ ಮಾಸ್ಕ್ ಒಳಗಿಂದಲೇ, "ಏನಪಾ, ಸ್ಟೆಂಟ್ ಬೆಳೀತೈತೇನು?" ಅಂದರು. ಸಿಸ್ಟರ್‌ಗಳು ನಕ್ಕರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಆ ಸಂಜೆಯೇ ಎಸೆಯಬೇಕಿದ್ದ ಒಂದು ಹಳೆ ಕ್ಯಾಥೆಟರ್ ಸಿಕ್ಕಿಸಿ, ಟ್ಯೂಬ್ ಸ್ವಲ್ಪ ಬಾಗಿಸಿ, ಪೂರ್ತಿ 50 ಮಿಲಿಮೀಟರ್ ಎಳೆದು ನೋಡಿದೆ. ಪ್ರತಿ ಹತ್ತಕ್ಕೆ 20 ಸೆಕೆಂಡ್ ಆಗಬೇಕು. ಆಗಿದ್ದು 20, 21, 29, 27, 21. ಒಟ್ಟು 100ರ ಬದಲು 118. ಮೊದಲ ಹತ್ತು ಮಾತ್ರ ಬಂಗಾರ. ಡೆಮೊ ಯಾಕೆ ಅಲ್ಲಿಗೇ ನಿಂತಿತ್ತು ಅಂತ ಆಗ ಹೊಳೆಯಿತು.

ಉದ್ಯಮಬಾಗ್‌ನಲ್ಲಿ ಲೇತ್ ಇಟ್ಟುಕೊಂಡಿರುವ ಗೆಳೆಯನ ಹತ್ತಿರ ಒಯ್ದೆ. ಬಿಚ್ಚಿ ನೋಡಿ ಎರಡೇ ನಿಮಿಷದಲ್ಲಿ ಹೇಳಿದ: "ನಡಬರಕ ಸ್ಕ್ರೂ ಸವದೈತಿ. ಗ್ರೀಸ್ ಒಣಗಿ ಅಂಟಾಗೇತಿ. ಯಾರೋ ನಿನಗ ಟೊಪ್ಪಿಗಿ ಹಾಕಿದವ್ರು?" ಅಂಟನ್ನು ಬೆರಳಲ್ಲಿ ತೆಗೆದು ನನ್ನ ಮೂಗಿನ ಮುಂದೆ ಹಿಡಿದ. ಕರೀ ಬೆಲ್ಲದ ಪಾಕ ಇದ್ದಂಗಿತ್ತು.

ಇನ್ನು ಮಾರಿದವರ ಉತ್ತರ ಕೇಳಿ. ಮೊದಲು, "ನಿಮ್ಮ ಕ್ಯಾಥೆಟರ್ ಸರಿ ಇಲ್ಲ." ವಿಡಿಯೊ ಕಳಿಸಿದೆ. ಆಮೇಲೆ, "ಎಷ್ಟೋ ಡಾಕ್ಟ್ರು ಕೈಲೇ ಎಳೀತಾರ, ಅವ್ರಿಗೆಲ್ಲ ನಡೀತೈತಲ್ರಿ?" ನಡೆಯುತ್ತೆ ಸ್ವಾಮಿ. ನಾಳದ ಅಗಲ ನೋಡಲು ನಡೆಯುತ್ತೆ. ಕೈಯಿಂದ ಎಳೆದಾಗ ಉದ್ದವನ್ನು ಯಾರೂ ನಂಬುವುದಿಲ್ಲ, ಅದಕ್ಕೇ ತಾನೇ ಮೋಟರ್ ತಗೊಳ್ಳುವುದು? ಕೊನೆಗೆ ಬಂದ ಮೆಸೇಜ್ ಹಾಗೇ ಬರೆಯುತ್ತೇನೆ: "ಸರ್, ಬಂದ ಉದ್ದಕ್ಕ 0.85 ಗುಣಿಸ್ಕೊಳ್ರಿ, ಸರಿ ಆಗ್ತೈತಿ." ಗುಣಿಸಿಕೊಳ್ಳಬೇಕಂತೆ! ಒಂದೇ ಸಮನೆ ನಿಧಾನ ಇದ್ದಿದ್ದರೆ ಗುಣಿಸಬಹುದಿತ್ತೇನೋ. ಇದು ಒಂದು ಕಡೆ ಓಡುತ್ತೆ, ಒಂದು ಕಡೆ ತೆವಳುತ್ತೆ. ಎಲ್ಲಿ ಎಷ್ಟರಿಂದ ಗುಣಿಸಲಿ? ದುಡ್ಡು ವಾಪಸ್ ಕೇಳಿದ ಮೇಲೆ ಫೋನ್ ಎತ್ತುವುದೇ ಬಿಟ್ಟರು. ಜಿಎಸ್‌ಟಿ ಬಿಲ್ "ಆಮೇಲೆ ಕಳಿಸ್ತೀವಿ" ಅಂದಿದ್ದರು. ಆ ಆಮೇಲೆ ಇನ್ನೂ ಬಂದಿಲ್ಲ. ಬಿಲ್ ಇಲ್ಲದೆ ಯಾವ ಬಾಯಿಂದ ಕಂಪ್ಲೇಂಟ್ ಕೊಡಲಿ?

ಪುಣ್ಯಕ್ಕೆ ಮೊದಲ ಎರಡು ಕೇಸ್‌ಗಳಲ್ಲಿ ಸ್ಟೆಂಟ್ ಉದ್ದವನ್ನು ಡಾಕ್ಟರ್ ಆಂಜಿಯೊ, ಅಂದರೆ ನಾಳದ ಎಕ್ಸ್‌ರೇ ಚಿತ್ರ, ನೋಡಿಯೇ ಆರಿಸಿದ್ದರು. ಫೈಲ್ ತೆಗೆದು ಎರಡೆರಡು ಸಲ ನೋಡಿದೆವು. ಈ ಮೋಟರ್ ನಂಬಿದ್ದರೆ ಬೇಕಿದ್ದಕ್ಕಿಂತ ಉದ್ದದ ಸ್ಟೆಂಟ್ ಹಾಕಿ ಕೂತಿರುತ್ತಿದ್ದೆವು. ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತದೆ.

ತಗೊಳ್ಳುವವರು ಪೂರ್ತಿ ಉದ್ದ ಎಳೆಸಿ. ಸ್ಟಾಪ್‌ವಾಚ್ ನಿಮ್ಮ ಕೈಯಲ್ಲಿರಲಿ, ಅವರ ಕೈಯಲ್ಲಲ್ಲ. ಟ್ಯೂಬ್ ಬಾಗಿಸಿ, ಪ್ರತಿ ಹತ್ತು ಮಿಲಿಮೀಟರ್‌ಗೂ ಸಮಯ ಬರೆದುಕೊಳ್ಳಿ, ಮೂರು ಸಲ. ಮೋಟರ್ ಬಿಸಿಯಾಗುತ್ತೆ ಅಂದರೆ ಆಗಲಿ ಬಿಡಿ. ಬಿಲ್ ಕೈಗೆ ಬರದೆ ಒಂದು ರೂಪಾಯಿನೂ ಕೊಡಬೇಡಿ.

ಸೋಮವಾರ ನಾನೂ ರಜೆ ಹಾಕಿ ಬಾಗಲಕೋಟೆಗೆ ಹೋಗುತ್ತಿದ್ದೇನೆ. ಸ್ಕೇಲ್, ಸ್ಟಾಪ್‌ವಾಚ್ ಆಗಲೇ ಬ್ಯಾಗಿನಲ್ಲಿವೆ. ಈ ಸಲ ಕುಂದಾ ಇಲ್ಲ.