ಪಾಪ್-ಅಪ್ ತೆಗೆದುಕೊಡುತ್ತೇವೆ ಎನ್ನುವವರಿಗೆ ಕಾರ್ಡ್ ಸಂಖ್ಯೆ ಕೊಡುವ ಮೊದಲು ಇದನ್ನು ಓದಿ

ಕಂಪ್ಯೂಟರ್ ಪರದೆಯ ಮೂಲೆಯಲ್ಲಿ "ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ" ಎಂಬ ಪೆಟ್ಟಿಗೆ, ಅಂದರೆ ಪಾಪ್-ಅಪ್, ಮತ್ತೆ ಮತ್ತೆ ಏಳುತ್ತಿದೆಯೇ? ಏನನ್ನೂ ಕೊಳ್ಳಬೇಡಿ. ಯಾವ ಸಂಖ್ಯೆಗೂ ಕರೆ ಮಾಡಬೇಡಿ. ಮೊದಲು ಬ್ರೌಸರಿನ ಸೆಟ್ಟಿಂಗ್ಸ್ ತೆರೆದು, ನೋಟಿಫಿಕೇಶನ್ (ಪರದೆಯ ಮೇಲೆ ತಾನಾಗಿ ಏಳುವ ಸೂಚನೆ) ಕಳಿಸಲು ಯಾವ ಯಾವ ಜಾಲತಾಣಗಳಿಗೆ ಅನುಮತಿ ಇದೆ ಎಂದು ನೋಡಿ. ಗುರುತಿಲ್ಲದ ಹೆಸರು ಕಂಡರೆ ಕಿತ್ತುಹಾಕಿ. ನಮ್ಮ ಮನೆಯಲ್ಲಿ ಬೇಕಾಗಿದ್ದದ್ದು ಇಷ್ಟೇ. ಇಷ್ಟಕ್ಕೆ ಪಾಪ್-ಅಪ್ ತೆಗೆಯುವ ಸಾಫ್ಟ್‌ವೇರ್ ಮಾರುವವರು ನನ್ನಿಂದ ಒಂದು ವರ್ಷದ ಚಂದಾ ಕಿತ್ತುಕೊಂಡರು, ಸಾಲದೆಂದು ಇನ್ನೂ ದೊಡ್ಡ ಚಂದಾ ಕೇಳಿದರು, ಅದೂ ಸಾಲದೆಂದು ನನ್ನ ತಂದೆಯ ಬಗ್ಗೆ ಒಂದು ಕೊಳಕು ಮಾತು ಆಡಿದರು. ಹಣ ಹೋದದ್ದಕ್ಕಿಂತ ಆ ಮಾತು ಹೆಚ್ಚು ಉರಿಸುತ್ತಿದೆ.

ಮನೆಯ ಕಂಪ್ಯೂಟರನ್ನು ಹೆಚ್ಚಾಗಿ ಬಳಸುವವರು ಅಪ್ಪ. ಪೆಟ್ಟಿಗೆಗಳು ಶುರುವಾದಾಗ ಮೊದಮೊದಲು ವೈರಸ್ ಎಚ್ಚರಿಕೆ ಮಾತ್ರ ಇತ್ತು. ಆಮೇಲೆ ಲಾಟರಿ ಬಂತು, ದಿಢೀರ್ ಸಾಲ ಬಂತು, ಕೊನೆಗೆ ಅರೆಬೆತ್ತಲೆ ಚಿತ್ರಗಳೊಂದಿಗೆ "ನಿಮಗಾಗಿ ಕಾಯುತ್ತಿದ್ದಾಳೆ" ಎಂಬ ಆಹ್ವಾನಗಳೂ ಬಂದವು. ನಾನು ಕೋಣೆಗೆ ಬಂದರೆ ಸಾಕು, ಅಪ್ಪ ಪರದೆ ಆರಿಸಿ ಎದ್ದು ಹೋಗತೊಡಗಿದರು. ಅವರ ಮುಜುಗರ ನೋಡಲಾಗದೆ ಇದನ್ನು ಒಂದೇ ಸಲಕ್ಕೆ ತೊಲಗಿಸಬೇಕೆಂದು ಕುಳಿತೆ.

ಪೆಟ್ಟಿಗೆಯಲ್ಲಿ ಕಾಣುತ್ತಿದ್ದ ಜಾಲತಾಣದ ಹೆಸರನ್ನೇ ಹಾಕಿ, ತೆಗೆಯುವುದು ಹೇಗೆ ಎಂದು ಹುಡುಕಿದೆ. ಬಂದ ಪುಟಗಳೆಲ್ಲ ಒಂದೇ ಅಚ್ಚಿನವು. ಮೊದಲು ಹೆದರಿಕೆ: ಇದು ಅಪಾಯಕಾರಿ, ನಿಮ್ಮ ಪಾಸ್‌ವರ್ಡ್‌ಗಳು ಸೋರುತ್ತಿವೆ. ಆಮೇಲೆ ಹಂತ ಹಂತದ ಸೂಚನೆಗಳು, ಸಾಮಾನ್ಯ ಮನುಷ್ಯನಿಗೆ ತಲೆ ಕೆಡುವಷ್ಟು ಉದ್ದ. ಆ ಸೂಚನೆಗಳ ನಡುನಡುವೆ ಹಸಿರು ಗುಂಡಿ: ಇದೆಲ್ಲ ಕಷ್ಟವೇ? ಈ ಸಾಫ್ಟ್‌ವೇರ್ ಹಾಕಿಕೊಳ್ಳಿ, ಉಚಿತ. ಯಾವ ಪುಟಕ್ಕೆ ಹೋದರೂ ಗುಂಡಿ ಅದೇ, ಸಾಫ್ಟ್‌ವೇರ್ ಅದೇ.

ಉಚಿತವಾದದ್ದು ಸ್ಕ್ಯಾನ್ ಮಾತ್ರ. ಕೆಂಪು ಅಂಕಿ ಓಡುತ್ತಾ ಓಡುತ್ತಾ ನೂರುಗಳನ್ನು ದಾಟಿತು. ಎಲ್ಲವೂ ಬೆದರಿಕೆಗಳಂತೆ! ಪಟ್ಟಿ ಬಿಡಿಸಿ ನೋಡಿದರೆ ಕುಕೀಗಳು (ಜಾಲತಾಣಗಳು ಬ್ರೌಸರಿನಲ್ಲಿ ಇಟ್ಟುಹೋಗುವ ಪುಟ್ಟ ಫೈಲ್‌ಗಳು), ತಾತ್ಕಾಲಿಕ ಫೈಲ್‌ಗಳು, ಯಾವಾಗಲೋ ತೆಗೆದುಹಾಕಿದ ಪ್ರೋಗ್ರಾಂ ವಿಂಡೋಸ್ ತನ್ನ ಸೆಟ್ಟಿಂಗ್ಸ್ ಬರೆದಿಡುವ ರಿಜಿಸ್ಟ್ರಿಯಲ್ಲಿ ಉಳಿಸಿಹೋದ ಸಾಲುಗಳು. ಯಾವ ಕಂಪ್ಯೂಟರಿನಲ್ಲೂ ಇರುವ ಕಸ ಇದು ಎಂದು ಇವತ್ತು ಹೇಳಬಲ್ಲೆ. ಅವತ್ತು ಕೆಂಪು ಬಣ್ಣ ಮಾತ್ರ ಕಾಣುತ್ತಿತ್ತು. ತೆಗೆಯಬೇಕಾದರೆ ಚಂದಾ ಕಟ್ಟಬೇಕು. ಕಟ್ಟಿದೆ. "ನಿಮ್ಮ ಕಂಪ್ಯೂಟರ್ ಈಗ ಸುರಕ್ಷಿತ" ಎಂದು ಹಸಿರು ಗುರುತು ಬಂತು. ಆ ಹಸಿರು ಗುರುತು ಪರದೆಯ ಮೇಲೆ ಇರುವಾಗಲೇ ಪಕ್ಕದಲ್ಲಿ ಹಳೆಯ ಪೆಟ್ಟಿಗೆ ಎದ್ದಿತು.

ಚಾಟ್‌ನಲ್ಲಿ ಆ ಸಾಫ್ಟ್‌ವೇರಿನವರನ್ನೇ ಕೇಳಿದೆ. ಉತ್ತರ: "ಇದು ಆಳಕ್ಕೆ ಇಳಿದಿರುವ ಸೋಂಕು ಮೇಡಂ, ಸಾಫ್ಟ್‌ವೇರಿಗೆ ನಿಲುಕುವುದಿಲ್ಲ. ನಮ್ಮ ತಜ್ಞರೇ ನೋಡಬೇಕು." ಹಾಗಾದರೆ ನಾನು ಹಣ ಕೊಟ್ಟದ್ದು ಯಾವುದಕ್ಕೆ? "ನೀವು ಕೊಂಡದ್ದು ಸಾಫ್ಟ್‌ವೇರ್ ಮೇಡಂ, ಇದು ಸೇವೆ." ಎಷ್ಟು ಸಲೀಸಾಗಿ ಹೇಳಿದರೆಂದರೆ, ದಿನವೂ ಹೇಳಿ ಹೇಳಿ ಬಾಯಿಪಾಠವಾಗಿರಬೇಕು.

ತಜ್ಞರೊಬ್ಬರು ಕರೆ ಮಾಡಿದರು. ರಿಮೋಟ್ ಸಾಫ್ಟ್‌ವೇರ್ ಹಾಕಿಸಿ ನನ್ನ ಪರದೆಯೊಳಗೆ ಬಂದು ಇವೆಂಟ್ ವ್ಯೂವರ್ ತೆರೆದರು. ಉದ್ದಕ್ಕೂ ಕೆಂಪು, ಹಳದಿ ಗುರುತುಗಳು. "ನೋಡಿ ಮೇಡಂ, ಇವೆಲ್ಲ ಸೋಂಕು." ಅಲ್ಲ, ಸುಳ್ಳು. ವಿಂಡೋಸ್ ತನ್ನ ಚಿಕ್ಕಪುಟ್ಟ ಎಡವಟ್ಟುಗಳನ್ನೆಲ್ಲ ಬರೆದಿಡುವ ಜಾಗ ಅದು. ಯಾವುದೋ ಸೇವೆ ಶುರುವಾಗಲು ತಡವಾದರೂ ಅಲ್ಲಿ ಒಂದು ಗುರುತು ಬೀಳುತ್ತದೆ. ನಿಮ್ಮ ಆರೋಗ್ಯವಂತ ಕಂಪ್ಯೂಟರಿನಲ್ಲಿ ಈಗಲೇ ತೆರೆದು ನೋಡಿ, ಅಲ್ಲೂ ಇರುತ್ತವೆ. ಆಮೇಲೆ ಆದೇಶ ಕೊಡುವ ಕಪ್ಪು ಕಿಟಕಿ ತೆರೆದು, ಇಂಟರ್‌ನೆಟ್ ಸಂಪರ್ಕಗಳ ಪಟ್ಟಿ ತೋರಿಸಲು ನೆಟ್‌ಸ್ಟ್ಯಾಟ್ ಎಂದು ಟೈಪ್ ಮಾಡಿದರು. ಬಂದ ಪಟ್ಟಿಯ ತಲೆಯ ಮೇಲೆ ಫಾರಿನ್ ಅಡ್ರೆಸ್ ಎಂದಿತ್ತು. "ನೋಡಿದಿರಾ, ಹೊರದೇಶದವರು ನಿಮ್ಮ ಕಂಪ್ಯೂಟರಿನೊಳಗೆ ಕುಳಿತಿದ್ದಾರೆ." ಅದೂ ಸುಳ್ಳು. ಸಂಪರ್ಕದ ಆಚೆ ತುದಿಯಲ್ಲಿರುವ ಯಾವ ಕಂಪ್ಯೂಟರಿಗಾದರೂ ಅಲ್ಲಿ ಅದೇ ಹೆಸರು, ದೇಶಕ್ಕೂ ಅದಕ್ಕೂ ಸಂಬಂಧವಿಲ್ಲ. ಮಿಂಚಂಚೆ ತೆರೆದಿಟ್ಟರೂ ಅಲ್ಲಿ ಸಾಲುಗಳು ಕಾಣುತ್ತವೆ.

ನಾನು ಕೇಳಿದ್ದು ಒಂದೇ ಪ್ರಶ್ನೆ: ಇವುಗಳಲ್ಲಿ ಆ ಪೆಟ್ಟಿಗೆಯನ್ನು ಎಬ್ಬಿಸುತ್ತಿರುವುದು ಯಾವುದು? ಅದಕ್ಕೆ ಉತ್ತರ ಬರಲಿಲ್ಲ. ಬದಲಿಗೆ, ಮನೆಯಲ್ಲಿ ಈ ಕಂಪ್ಯೂಟರ್ ಯಾರು ಬಳಸುತ್ತಾರೆ ಎಂದು ಕೇಳಿದರು. ನಮ್ಮ ತಂದೆ ಎಂದೆ. ಒಂದು ಸಣ್ಣ ನಗು. "ವಯಸ್ಸಾದವರು ಒಬ್ಬರೇ ಇದ್ದಾಗ ಏನೇನು ನೋಡುತ್ತಾರೋ, ನಾವು ಹೇಗೆ ಹೇಳುವುದು ಮೇಡಂ? ಇಂಥ ಜಾಹೀರಾತು ಸುಮ್ಮನೆ ಬರುವುದಿಲ್ಲ. ದೊಡ್ಡ ಯೋಜನೆ ತೆಗೆದುಕೊಳ್ಳಿ, ನೋಡಿದ್ದರ ಗುರುತೂ ಉಳಿಯದಂತೆ ಅಳಿಸಿಕೊಡುತ್ತೇವೆ. ಮನೆಯ ಬೇರೆಯವರಿಗೆ ಗೊತ್ತಾಗುವುದಿಲ್ಲ."

ಫೋನಿನ ಸ್ಪೀಕರ್ ಹಾಕಿತ್ತು. ಅಪ್ಪ ಪಕ್ಕದ ಕುರ್ಚಿಯಲ್ಲೇ ಕುಳಿತಿದ್ದರು.

ಕರೆ ಕತ್ತರಿಸಿದೆ, ಇಂಟರ್‌ನೆಟ್ ತಂತಿಯನ್ನೇ ಕಿತ್ತೆ. ಅಪ್ಪ ಏನೂ ಹೇಳದೆ ಎದ್ದು ಹೋದರು. ನನಗೋ, ಅವರನ್ನು ಕರೆದು ಏನು ಹೇಳಬೇಕೆಂದೇ ತೋಚಲಿಲ್ಲ. ವ್ಯಾಪಾರಕ್ಕೆ ಸುಳ್ಳು ಹೇಳುವವರನ್ನು ಎಲ್ಲರೂ ಕಂಡಿದ್ದೇವೆ. ಮಗಳ ಎದುರು ತಂದೆಯ ಮಾನಕ್ಕೆ ಕೈಹಾಕಿ ಯೋಜನೆ ಮಾರುವವರನ್ನು ನಾನು ಅವತ್ತೇ ಕಂಡದ್ದು.

ಬಿಡಿಸಿಕೊಟ್ಟವಳು ನನ್ನ ಸಹೋದ್ಯೋಗಿ, ಅದೂ ಫೋನಿನಲ್ಲೇ. ಪೆಟ್ಟಿಗೆಯಲ್ಲಿ ಬ್ರೌಸರಿನ ಹೆಸರು ಇದೆಯೇ ಎಂದು ಕೇಳಿದಳು. ಇತ್ತು, ಕ್ರೋಮ್ ಎಂದು. ಸೆಟ್ಟಿಂಗ್ಸ್, ಅಲ್ಲಿ ಪ್ರೈವಸಿ ಆಂಡ್ ಸೆಕ್ಯೂರಿಟಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್. ಅನುಮತಿ ಪಡೆದವರ ಪಟ್ಟಿಯಲ್ಲಿ ಅರ್ಥವಿಲ್ಲದ ಅಕ್ಷರಗಳ ಒಂದು ಹೆಸರು. ತೆಗೆದೆ. ನಿಂತಿತು! ಅಲ್ಲಿಂದೀಚೆಗೆ ಒಂದು ಪೆಟ್ಟಿಗೆಯೂ ಎದ್ದಿಲ್ಲ.

ಅದು ಒಳಹೊಕ್ಕ ಬಗೆಯೂ ತಿಳಿಯಿತು. ಅಪ್ಪ ಪಿಡಿಎಫ್ ಫೈಲ್‌ಗಳನ್ನು ಜೋಡಿಸಲು ಯಾವುದೋ ಉಚಿತ ಜಾಲತಾಣಕ್ಕೆ ಹೋಗಿದ್ದರು. ನೀವು ರೋಬೋಟ್ ಅಲ್ಲ ಎಂದು ತೋರಿಸಲು ಅಲೋ ಒತ್ತಿ ಎಂದು ಅದು ಹೇಳಿತು, ಒತ್ತಿದರು. ಯಾರಾದರೂ ಒತ್ತುತ್ತಾರೆ. ನೋಟಿಫಿಕೇಶನ್ ಕಳಿಸಬಹುದೇ ಎಂದು ಕೇಳುವ ಗುಂಡಿ ಬ್ರೌಸರಿನದು, ರೋಬೋಟ್ ಕಥೆ ಆ ಪುಟದವರು ಅದರ ಪಕ್ಕದಲ್ಲಿ ಬರೆದ ಬೊಗಳೆ. ನಿಜವಾದ ರೋಬೋಟ್ ಪರೀಕ್ಷೆ ಆ ಅನುಮತಿಯನ್ನು ಕೇಳುವುದೇ ಇಲ್ಲ. ಒಮ್ಮೆ ಅನುಮತಿ ಸಿಕ್ಕಿದರೆ ಯಾರ ಜಾಹೀರಾತನ್ನು ಬೇಕಾದರೂ ಅವರು ತಳ್ಳುತ್ತಾರೆ. ನೀವು ಏನು ನೋಡುತ್ತೀರಿ, ಯಾರು ನೋಡುತ್ತೀರಿ ಎಂಬುದು ಅವರಿಗೆ ಬೇಕಾಗಿಲ್ಲ. ಆ ತಜ್ಞ ಮಹಾಶಯರಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿದ್ದೇ ಆಡಿದ ಮಾತು ಅದು.

ಈಗ ನನ್ನನ್ನು ನಿಜವಾಗಿ ಕೆರಳಿಸಿದ ಸಂಗತಿ. ಪೆಟ್ಟಿಗೆಗಳು ನಿಂತ ಮೇಲೆ ಅವರ ಸಾಫ್ಟ್‌ವೇರನ್ನು ಮತ್ತೊಮ್ಮೆ ಓಡಿಸಿದೆ. ಮತ್ತೆ ನೂರಾರು ಬೆದರಿಕೆ, ಮತ್ತೆ ಅದೇ ಕೆಂಪು. ಅದು ಏನೇನು ಹುಡುಕುತ್ತದೆ ಎಂಬ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದೆ. ನೋಟಿಫಿಕೇಶನ್ ಅನುಮತಿ ಆ ಪಟ್ಟಿಯಲ್ಲಿ ಇರಲೇ ಇಲ್ಲ. ಯಾವ ಪೆಟ್ಟಿಗೆಯ ಹೆಸರು ಹೇಳಿ ಮಾರಿದರೋ ಆ ಪೆಟ್ಟಿಗೆಯನ್ನು ಅದು ಹುಡುಕುವುದೇ ಇಲ್ಲ! ಹುಡುಕಿ ಸೋತಿದ್ದರೆ ಬೇರೆ ಮಾತು. ಹುಡುಕುವುದೇ ಇಲ್ಲ.

ಹಣ ವಾಪಸ್ ಕೇಳಿದೆ. ಬಂದ ಉತ್ತರ: "ಸಮಸ್ಯೆ ಪರಿಹಾರವಾಗಿದೆ ಎಂದು ನೀವೇ ತಿಳಿಸಿದ್ದೀರಿ. ಆದ್ದರಿಂದ ಮರುಪಾವತಿಗೆ ಕಾರಣ ಕಾಣುವುದಿಲ್ಲ." ಪರಿಹಾರ ಮಾಡಿದ್ದು ನೀವಲ್ಲ ಎಂದು ಬರೆದೆ. "ನಮ್ಮ ಸಾಫ್ಟ್‌ವೇರ್ ಸ್ಥಾಪಿಸಿದ ನಂತರವೇ ಪರಿಹಾರವಾಗಿರುವುದು ನಮ್ಮ ದಾಖಲೆಯಲ್ಲಿದೆ." ತಂದೆಯ ಬಗ್ಗೆ ಆಡಿದ ಮಾತಿಗೆ ಕ್ಷಮೆ ಕೇಳಿ ಎಂದು ಬರೆದೆ. "ನಿಮ್ಮ ಅಭಿಪ್ರಾಯವನ್ನು ಸಂಬಂಧಪಟ್ಟ ವಿಭಾಗಕ್ಕೆ ಕಳಿಸಲಾಗಿದೆ." ಅಭಿಪ್ರಾಯವಂತೆ.

ಇದು ಒಬ್ಬಿಬ್ಬರು ಕಿಡಿಗೇಡಿಗಳ ಕೆಲಸವೂ ಅಲ್ಲ, ನೆಲೆನಿಂತ ವ್ಯಾಪಾರ. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2019ರಲ್ಲಿ ಆಫೀಸ್ ಡಿಪೋ ಎಂಬ ದೊಡ್ಡ ಅಂಗಡಿ ಸರಪಳಿ ಮತ್ತು ಅದಕ್ಕೆ ಸಾಫ್ಟ್‌ವೇರ್ ಒದಗಿಸಿದ ಸಂಸ್ಥೆಯ ಮೇಲೆ ಹೊರಿಸಿದ ಆರೋಪ ಕೇಳಿ: ಸ್ಕ್ಯಾನ್‌ಗೆ ಮೊದಲು ಗಿರಾಕಿಗೆ ನಾಲ್ಕು ಪ್ರಶ್ನೆ ಕೇಳುತ್ತಿದ್ದರು, ಪಾಪ್-ಅಪ್ ಬರುತ್ತಿದೆಯೇ ಎಂಬಂಥವು. ಒಂದಕ್ಕೆ ಹೌದು ಎಂದರೂ ಸಾಕು, ಸೋಂಕಿನ ಲಕ್ಷಣ ಇದೆ ಎಂದೇ ಫಲಿತಾಂಶ. ಸ್ಕ್ಯಾನ್ ಬರೀ ನಾಟಕ. ಇಬ್ಬರೂ ಸೇರಿ 3.5 ಕೋಟಿ ಡಾಲರ್ ಕೊಟ್ಟು ರಾಜಿಯಾದರು. 2024ರಲ್ಲಿ ರೆಸ್ಟೋರೋ, ರಿಇಮೇಜ್ ಎಂಬ ಸಂಸ್ಥೆಗಳು 2.6 ಕೋಟಿ ಡಾಲರ್ ತೆತ್ತವು. ಅಲ್ಲೂ ಇದೇ ಹಾದಿಯ ಆರೋಪ: ಹುಸಿ ಎಚ್ಚರಿಕೆ, ಹೆದರಿಸುವ ಸ್ಕ್ಯಾನ್, ಸಾಫ್ಟ್‌ವೇರ್ ಕೊಂಡ ಮೇಲೆ ಫೋನಿನಲ್ಲಿ ಇನ್ನೊಂದು ಸೇವೆಯ ಮಾರಾಟ.

ನೋಟಿಫಿಕೇಶನ್ ಪಟ್ಟಿ ಚೊಕ್ಕಟವಾಗಿದ್ದರೂ ಕಾಟ ನಿಲ್ಲದಿದ್ದರೆ ಬ್ರೌಸರಿಗೆ ಜೋಡಿಸುವ ಪುಟ್ಟ ಪ್ರೋಗ್ರಾಂಗಳಾದ ಎಕ್ಸ್‌ಟೆನ್ಷನ್‌ಗಳನ್ನು ನೋಡಿ. ನೀವು ಹಾಕಿರದ ಎಕ್ಸ್‌ಟೆನ್ಷನ್ ಇದ್ದರೆ ಅದೇ ಕಳ್ಳ. ಸ್ಥಾಪಿಸಿದ ಪ್ರೋಗ್ರಾಂಗಳನ್ನು ದಿನಾಂಕದ ಪ್ರಕಾರ ಜೋಡಿಸಿ, ಕಾಟ ಶುರುವಾದ ಹೊತ್ತಿಗೆ ಬಂದವನ್ನು ಅಳಿಸಿ. ಸ್ಕ್ಯಾನ್ ಬೇಕೇ ಬೇಕೆಂದರೆ ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಇದೆ, ಮಾಲ್‌ವೇರ್‌ಬೈಟ್ಸ್‌ನವರ ಆಡ್‌ಡಬ್ಲ್ಯೂಕ್ಲೀನರ್ ಇದೆ, ಎರಡಕ್ಕೂ ದುಡ್ಡಿಲ್ಲ. ಪರದೆ ತುಂಬಾ ಸೈರನ್ ಕೂಗಿಸಿ ಫೋನ್ ಸಂಖ್ಯೆ ತೋರಿಸುವ ಪುಟ ಬಂದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರನ್ನೇ ಮುಚ್ಚಿ. ಮೈಕ್ರೋಸಾಫ್ಟ್ ತನ್ನ ದೋಷ ಸಂದೇಶಗಳಲ್ಲಿ ಫೋನ್ ಸಂಖ್ಯೆ ಹಾಕುವುದಿಲ್ಲ.

ನನ್ನ ಹಾಗೆ ಪರದೆಯೊಳಗೆ ಬಿಟ್ಟುಕೊಂಡಿದ್ದರೆ ರಿಮೋಟ್ ಸಾಫ್ಟ್‌ವೇರನ್ನು ಅಳಿಸಿ, ಬೇರೆ ಸಾಧನದಿಂದ ಪಾಸ್‌ವರ್ಡ್‌ಗಳನ್ನು ಬದಲಿಸಿ. ಚಂದಾ ಪ್ರತಿ ವರ್ಷ ತಾನಾಗಿ ಕಡಿತವಾಗುವಂತೆ ಅವರು ಮೊದಲೇ ಗುರುತು ಹಾಕಿಟ್ಟಿರುತ್ತಾರೆ, ಅದನ್ನು ಬ್ಯಾಂಕಿಗೆ ಹೇಳಿಯೇ ನಿಲ್ಲಿಸಿ. ನಾನು ಬ್ಯಾಂಕಿನಲ್ಲಿ ತಕರಾರು ಸಲ್ಲಿಸಿದ್ದೇನೆ. ಅಲ್ಲಿ ಅವರ ಉತ್ತರಗಳ ಸ್ಕ್ರೀನ್‌ಶಾಟ್ ಕೇಳುತ್ತಾರೆ. ಚಾಟ್ ಕಿಟಕಿ ಮುಚ್ಚಿದರೆ ಹಳೆಯ ಮಾತೆಲ್ಲ ಮಾಯವಾಗುತ್ತದೆ, ಮುಚ್ಚುವ ಮೊದಲೇ ತೆಗೆದಿಟ್ಟುಕೊಳ್ಳಿ.