ಗಂಡ ಕೆನಡಾದಲ್ಲಿ, ಅರ್ಜಿಯಲ್ಲಿ ನಾನು ‘ಸಿಂಗಲ್’: ವೀಸಾ ಏಜೆಂಟರ ಹತ್ತಿರ ಹೋಗೋ ಮುಂಚೆ ಓದಿ

ಇದನ್ನು ಬರೆಯಲೋ ಬೇಡವೋ ಅಂತ ಮೂರು ವಾರ ಒದ್ದಾಡಿದೆ. ಸಿಟ್ಟಿಗಿಂತ ನಾಚಿಕೆ ಜಾಸ್ತಿ. ನಾನು 9 ವರ್ಷದಿಂದ ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೇನೆ. “ಓದದೆ ಸೈನ್ ಹಾಕ್ಬೇಡಿ ಸರ್, ಬಿಲ್ ನೋಡದೆ ದುಡ್ಡು ಬಿಡಬೇಡಿ” ಅಂತ ಬಂದವರಿಗೆಲ್ಲ ಹೇಳುವವಳು. ಅಂಥವಳು ಓದದೆ ಮೂರು ಕಡೆ ಸೈನ್ ಹಾಕಿ ಬಂದೆ. ಬಿಲ್ಲನ್ನೂ ನೋಡಲಿಲ್ಲ.

ನಮ್ಮ ಮನೆಯವರು ವರ್ಕ್ ಪರ್ಮಿಟ್ ಮೇಲೆ ಕ್ಯಾಲ್ಗರಿಯಲ್ಲಿದ್ದಾರೆ. ಹೋಗಿ ಒಂದೂವರೆ ವರ್ಷ ಆಯಿತು. ನಮ್ಮ ರಾತ್ರಿ ಊಟದ ಹೊತ್ತಿಗೆ ಅವರದು ಬೆಳಗಿನ ತಿಂಡಿ, ಇಬ್ಬರೂ ಫೋನ್ ಎದುರಿಗಿಟ್ಟುಕೊಂಡು ತಿನ್ನುವುದೇ ಸಂಸಾರ. ಎರಡು ತಿಂಗಳು ರಜ ಹಾಕಿ ಹೋಗಿ ಬರೋಣ ಅಂತ ವಿಸಿಟರ್ ವೀಸಾಗೆ ಹೊರಟಿದ್ದು. ಅಲ್ಲೇ ಉಳಿಯುವ ಯೋಚನೆಯೇ ಇಲ್ಲ. ಇಲ್ಲಿ ಕೆಲಸ ಇದೆ, ಅತ್ತೆ ಇದ್ದಾರೆ, ಬನಶಂಕರಿಯಲ್ಲಿ ಇನ್ನೂ ಸಾಲ ತೀರದ ಮನೆ ಇದೆ.

ಜಯನಗರದ ಕಡೆ ಒಬ್ಬ ವೀಸಾ ಏಜೆಂಟನ ಆಫೀಸು. ಹೆಸರು ಬರೆಯುವುದಿಲ್ಲ, ದೂರು ಕೊಟ್ಟಿದ್ದೇನೆ, ಅದು ಮುಗಿಯಲಿ. ಮೆಟ್ಟಿಲು ಹತ್ತಿ ಹೋದರೆ ಏಸಿ, ಗೋಡೆ ತುಂಬಾ ಪಾಸ್‌ಪೋರ್ಟ್ ಹಿಡಿದು ನಗುವವರ ಫೋಟೋ. ‘ಎಂಬೆಸಿ ಫೀಸ್’ ₹22,000, ಸರ್ವಿಸ್ ಚಾರ್ಜ್ ₹15,000, ಅದರ ಮೇಲೆ 18% ಜಿಎಸ್‌ಟಿ ₹2,700. ಒಟ್ಟು ₹39,700. ಕೊಟ್ಟೆ. ನಿಜವಾದ ಫೀಸ್ ಎಷ್ಟು ಗೊತ್ತಾ? ವೀಸಾಗೆ 100 ಕೆನಡಾ ಡಾಲರ್, ಬಯೋಮೆಟ್ರಿಕ್‌ಗೆ 85. ಎರಡೂ ಸೇರಿದರೆ ನಮ್ಮ ಹನ್ನೆರಡು ಸಾವಿರದ ಆಸುಪಾಸು. ಕೆನಡಾ ಸರ್ಕಾರದ ವೆಬ್‌ಸೈಟಿನಲ್ಲೇ ಇದೆ. ನೋಡಿದ್ದರೆ ತಾನೇ.

ಫೈಲ್ ತುಂಬಾ ದಾಖಲೆ ಒಯ್ದಿದ್ದೆ. ನಮ್ಮ ಮನೆಯವರು ಬರೆದ ಇನ್ವಿಟೇಷನ್ ಲೆಟರ್, ವರ್ಕ್ ಪರ್ಮಿಟ್ ಕಾಪಿ, ಪೇ ಸ್ಲಿಪ್, ಸಬ್ ರಿಜಿಸ್ಟ್ರಾರ್ ಕೊಟ್ಟ ಮದುವೆ ಸರ್ಟಿಫಿಕೇಟ್. ಆತ ಎಲ್ಲವನ್ನೂ ಪಕ್ಕಕ್ಕೆ ಸರಿಸಿ “ಇದ್ಯಾವ್ದೂ ಬೇಡ ಮೇಡಂ, ನಾವು ಮಾಡೋ ರೀತಿನೇ ಬೇರೆ” ಎಂದ. ಗಂಡನನ್ನು ನೋಡೋಕೆ ಹೋಗುವವಳಿಗೆ ಮದುವೆ ಸರ್ಟಿಫಿಕೇಟ್ ಬೇಡ ಅಂದರೆ ಅಲ್ಲೇ ಎದ್ದು ಬರಬೇಕಿತ್ತು. ಅನುಭವಸ್ಥರು ಅಲ್ವಾ, ಗೊತ್ತಿರುತ್ತೆ ಅಂದುಕೊಂಡೆ. ಯಾರಿಂದಾದರೂ ಅಕೌಂಟಿಗೆ ಐದು ಲಕ್ಷ ಹಾಕಿಸಿ, 15 ದಿನ ಬಿಟ್ಟು ವಾಪಸ್ ಕೊಡಿ ಅಂತಲೂ ಹೇಳಿದ. ಅದಕ್ಕೆ ಮಾತ್ರ ಒಪ್ಪಲಿಲ್ಲ. ಸ್ಟೇಟ್‌ಮೆಂಟಿನಲ್ಲಿ ದಿಢೀರ್ ಬಂದ ದುಡ್ಡು ಎದ್ದು ಕಾಣುತ್ತೆ, ಅದು ನನ್ನ ದಿನದ ಕಸುಬು. ನಾನೆಷ್ಟು ಜಾಣೆ ಅಂತ ಒಳಗೊಳಗೇ ಬೀಗಿದೆ. ಜಾಣೆಯಂತೆ!

ಆಮೇಲೆ ಫಾರಂ ಬಂತು. ಪೆನ್ಸಿಲಿನಲ್ಲಿ ಮೂರು ಕಡೆ ಇಂಟು ಮಾರ್ಕ್. ಹಿಂದೆ ಇಬ್ಬರು ಕಾಯುತ್ತಿದ್ದರು. “ಇಲ್ಲೊಂದು, ಇಲ್ಲೊಂದು, ಇಲ್ಲೊಂದು ಮೇಡಂ, ಉಳಿದಿದ್ದು ನಾವು ತುಂಬ್ಕೋತೀವಿ.” ಹಾಕಿದೆ.

ಬಯೋಮೆಟ್ರಿಕ್ ಮುಗಿದು ವಾರಗಳು ಕಳೆದವು. ಕೇಳಿದಾಗಲೆಲ್ಲ “ಪ್ರೋಸೆಸ್ ಆಗ್ತಿದೆ ಮೇಡಂ, ಟೆನ್ಷನ್ ತಗೋಬೇಡಿ.” ಇವರು ಮಾತ್ರ ಅಲ್ಲಿಂದ ದಿನಾ ಒಂದೇ ಪ್ರಶ್ನೆ: “ಅರ್ಜಿ ಕಾಪಿ ಎಲ್ಲೇ? ಏನು ಬರೆದಿದ್ದಾನೆ ಅಂತ ನೋಡಿದ್ಯಾ?” ಏಜೆಂಟನನ್ನು ಕೇಳಿದರೆ “ಲಾಗಿನ್ ನಮ್ಮದು ಮೇಡಂ, ಕಾಪಿ ಕೊಡಲ್ಲ.” ನನ್ನ ಅರ್ಜಿ, ನನ್ನ ದುಡ್ಡು, ಲಾಗಿನ್ ಅವನದು! (ಇಲ್ಲಿಂದ ಮುಂದೆ ಅವನು ಅಂತಲೇ ಬರೆಯುತ್ತೇನೆ.) ಒಂದು ದಿನ ಊಟದ ಹೊತ್ತಿಗೆ ಹೋದೆ. ಅವನಿರಲಿಲ್ಲ. ಮುಂದೆ ಕೂತಿದ್ದ ಹುಡುಗಿ ಪಾಪ, ಏನನ್ನಿಸಿತೋ, ಪಿಡಿಎಫ್ ವಾಟ್ಸಾಪ್ ಮಾಡಿದಳು. ಅವಳಿಗೆ ಒಳ್ಳೆಯದಾಗಲಿ.

ಕೆಳಗಿಳಿದು ಫುಟ್‌ಪಾತ್ ಮೇಲೆ ನಿಂತು ತೆಗೆದೆ. ಇಮೇಲ್ ಅವನದು. ಫೋನ್ ನಂಬರ್ ಅವನದು. ಹೋಗುವ ಉದ್ದೇಶ: ಪ್ರವಾಸ. ಮದುವೆಯ ಸ್ಥಿತಿ: ಸಿಂಗಲ್.

ತಪ್ಪಾಗಿ ಓದಿದೆನೇನೋ ಅಂತ ದೊಡ್ಡದು ಮಾಡಿ ನೋಡಿದೆ. ಸಿಂಗಲ್. ಮುಂದಿನ ಫಾರಂ ಕುಟುಂಬದ ಮಾಹಿತಿ, ಐಎಂಎಂ 5645. ಗಂಡ ಅಥವಾ ಹೆಂಡತಿ ಅನ್ನುವ ಸಾಲು ಖಾಲಿ. ಅದರ ಕೆಳಗೆ ಇಂಗ್ಲಿಷಿನಲ್ಲಿ ಒಂದು ವಾಕ್ಯ. ನನಗೆ ಗಂಡನಾಗಲಿ ಸಂಗಾತಿಯಾಗಲಿ ಇಲ್ಲ ಎಂದು ದೃಢೀಕರಿಸುತ್ತೇನೆ ಅಂತ. ಅದಕ್ಕೆ ನನ್ನ ಸೈನ್. ನನ್ನದೇ ಸೈನ್, ನಾನೇ ಹಾಕಿದ್ದು. ಮೂರು ಇಂಟು ಮಾರ್ಕಿನಲ್ಲಿ ಮೊದಲನೆಯದು ಇದು! ಕತ್ತಿನಲ್ಲಿ ತಾಳಿ ಇಟ್ಟುಕೊಂಡು ಗಂಡನೇ ಇಲ್ಲ ಅಂತ ಬರೆದುಕೊಟ್ಟು ಬಂದಿದ್ದೆ. ಇನ್ನೂ ಒಂದು ಚಂದ ಕೇಳಿ. ಅದೇ ಅರ್ಜಿಗೆ ಸೇರಿಸಿದ ನನ್ನ ಪಾಸ್‌ಪೋರ್ಟಿನ ಕೊನೇ ಪುಟದಲ್ಲಿ ಗಂಡನ ಹೆಸರು ಅಚ್ಚಾಗಿದೆ. ಸುಳ್ಳು ಹೇಳೋಕೂ ಒಂದು ಅಚ್ಚುಕಟ್ಟು ಬೇಡವಾ?

ಅಲ್ಲಿಂದಲೇ ಫೋನ್ ಮಾಡಿದೆ. “ಅದು ಸ್ಟ್ರಾಟಜಿ ಮೇಡಂ. ಗಂಡ ಅಲ್ಲೇ ಇದಾರೆ ಅಂದ್ರೆ ನೀವು ವಾಪಸ್ ಬರಲ್ಲ ಅಂತ ರಿಜೆಕ್ಟ್ ಮಾಡ್ತಾರೆ. ಎಲ್ರಿಗೂ ಹೀಗೇ ಮಾಡೋದು, ಯಾರೂ ಕೇಳಿಲ್ಲ” ಎಂದ. ಸಂಜೆ ಇವರೇ ಕ್ಯಾಲ್ಗರಿಯಿಂದ ಫೋನ್ ಮಾಡಿದಾಗ ಮಾತು ಬದಲು: “ಟೈಪಿಂಗ್ ಮಿಸ್ಟೇಕ್ ಸರ್, ಹುಡುಗರು ಮಾಡಿರ್ತಾರೆ.” ಮಧ್ಯಾಹ್ನ ಸ್ಟ್ರಾಟಜಿ ಆಗಿದ್ದು ಸಂಜೆಗೆ ಟೈಪಿಂಗ್ ಮಿಸ್ಟೇಕ್. ನಾನು ದುಡ್ಡು ವಾಪಸ್ ಕೊಡಿ ಅಂತ ಮೆಸೇಜ್ ಹಾಕಿದ್ದಕ್ಕೆ ರಾತ್ರಿ ಹನ್ನೊಂದಕ್ಕೆ ಉತ್ತರ ಬಂತು: “ಸೈನ್ ನಿಮ್ಮದೇ ಅಲ್ವಾ ಮೇಡಂ? ಓದ್ಕೊಂಡು ಹಾಕ್ಬೇಕಿತ್ತು.”

ನನ್ನ ಡೈಲಾಗ್ ನನಗೇ. ಉತ್ತರ ಹೊಳೆಯಲಿಲ್ಲ. ಈಗಲೂ ಹೊಳೆದಿಲ್ಲ. ಆಮೇಲೆ ನಾನು ಹಾಕಿದ ಮೆಸೇಜಿಗೆಲ್ಲ ನೀಲಿ ಟಿಕ್ ಅಷ್ಟೇ.

ಅರ್ಜಿಯಲ್ಲಿ ಸುಳ್ಳು ಹೇಳಿದ್ದಾರೆ ಅಂತ ತೀರ್ಮಾನವಾದರೆ ಕೆನಡಾ ಕಾನೂನಿನ ಪ್ರಕಾರ 5 ವರ್ಷ ಅಲ್ಲಿಗೆ ಕಾಲಿಡುವ ಹಾಗಿಲ್ಲ. ಏಜೆಂಟ್ ತುಂಬಿದ ಅಂದರೂ ಹೊಣೆ ಅರ್ಜಿದಾರರದೇ. 5 ವರ್ಷ ನನಗೆ, ಅವನಿಗಲ್ಲ. ಆ ರಾತ್ರಿ ಮಲಗಲಿಲ್ಲ. ಇವರು ಕೆಲಸಕ್ಕೆ ರಜ ಹಾಕಿ ಕೂತರು. ಇಬ್ಬರೂ ಸೇರಿ ಅಲ್ಲಿನ ಇಮಿಗ್ರೇಷನ್ ಇಲಾಖೆಯ ವೆಬ್ ಫಾರಂನಲ್ಲಿ ನಡೆದಿದ್ದೆಲ್ಲ ಬರೆದು ಅರ್ಜಿ ಹಿಂದಕ್ಕೆ ತೆಗೆದುಕೊಂಡೆವು.

ಮಾರನೇ ದಿನ ಆಫೀಸಿನಲ್ಲಿ ಅವನ ಬಿಲ್ ತೆಗೆದು ನೋಡಿದೆ. ಜಿಎಸ್‌ಟಿ ನಂಬರ್ 29ರಿಂದ ಶುರು, ಕರ್ನಾಟಕದ ಕೋಡ್, ಸರಿ. ಎಣಿಸಿದೆ. 14 ಅಕ್ಷರ. ಇರಬೇಕಾದ್ದು 15. ದಿನಕ್ಕೆ ನಲವತ್ತು ಬಿಲ್ ನೋಡುವವಳು ನಾನು. ಪಕ್ಕದ ಸೀಟಿನವರಿಗೆ ಹೇಳಲೂ ಇಲ್ಲ, ಬಿಲ್ ಮಡಚಿ ಬ್ಯಾಗಿಗೆ ಹಾಕಿದೆ.

ಏಜೆಂಟರ ಹತ್ತಿರ ಹೋಗಲೇಬೇಕು ಅಂದರೆ ಹೋಗಿ, ಬೇಡ ಅನ್ನಲ್ಲ. ಆದರೆ ಲಾಗಿನ್, ಇಮೇಲ್ ನಿಮ್ಮದೇ ಇರಲಿ. ಕಳಿಸುವ ಮುಂಚೆ ತುಂಬಿದ ಫಾರಂ ಪೂರ್ತಿ ಓದಿ. ಕೆನಡಾ ವೀಸಾಗೆ ದುಡ್ಡು ತಗೊಂಡು ಸಲಹೆ ಕೊಡುವವರು ಒಂದೋ ಅಲ್ಲಿನ ವಕೀಲರಾಗಿರಬೇಕು, ಇಲ್ಲಾ ಲೈಸೆನ್ಸ್ ಇರುವ ಕನ್ಸಲ್ಟೆಂಟ್ ಆಗಿರಬೇಕು. ಕನ್ಸಲ್ಟೆಂಟರ ಲೈಸೆನ್ಸ್ ಕೊಡುವ ಸಂಸ್ಥೆಗೆ ‘ಕಾಲೇಜ್’ ಅಂತಾರೆ, ಓದೋ ಕಾಲೇಜಲ್ಲ. ಅದರ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಹುಡುಕಿದರೆ ಇದ್ದಾರೋ ಇಲ್ಲವೋ ಗೊತ್ತಾಗುತ್ತೆ. ಇವನ ಹೆಸರು ಹುಡುಕಿದೆ. ಇಲ್ಲ. ನಿಮ್ಮ ಪರವಾಗಿ ಅರ್ಜಿ ಹಾಕುವವರು ಐಎಂಎಂ 5476 ಅನ್ನುವ ಫಾರಂನಲ್ಲಿ ತಮ್ಮ ಹೆಸರು ಕೊಡಬೇಕು. ಅದನ್ನೂ ಹಾಕಿರಲಿಲ್ಲ. ಇಡೀ ಅರ್ಜಿಯಲ್ಲಿ ಅವನು ಇಲ್ಲವೇ ಇಲ್ಲ, ನಾನೊಬ್ಬಳೇ. ಮೋಸ ಹೋಗಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ನಾನು ದೂರು ಕೊಟ್ಟಿದ್ದು ಅಲ್ಲೇ.

ಹೊಸ ಅರ್ಜಿಯನ್ನು ಎರಡು ರಾತ್ರಿ ಕೂತು ನಾನೇ ತುಂಬಿದೆ. ಅಷ್ಟೇನೂ ಕಷ್ಟ ಇರಲಿಲ್ಲ, ಅದೇ ಹೊಟ್ಟೆ ಉರಿಸೋದು. ಬಯೋಮೆಟ್ರಿಕ್ 10 ವರ್ಷ ನಡೆಯುತ್ತೆ, ಹಾಗಾಗಿ ಈ ಸಲ ಬರೀ 100 ಡಾಲರ್. ಮೊದಲು ಅಪ್‌ಲೋಡ್ ಮಾಡಿದ್ದು ಮದುವೆ ಸರ್ಟಿಫಿಕೇಟ್, ಆಮೇಲೆ ಹಳೇ ಅರ್ಜಿಯ ಕಥೆ ವಿವರಿಸಿದ ಪತ್ರ. ಉತ್ತರ ಇನ್ನೂ ಬಂದಿಲ್ಲ.

ಮೊನ್ನೆ ಅವನಿಂದ ಯುಪಿಐನಲ್ಲಿ ₹3,000 ಬಂತು. ರಿಮಾರ್ಕ್ಸ್‌ನಲ್ಲಿ ‘ಫುಲ್ ಆ್ಯಂಡ್ ಫೈನಲ್’ ಅಂತ ಬರೆದಿದ್ದಾನೆ. ಸ್ಕ್ರೀನ್‌ಶಾಟ್ ತೆಗೆದು ದೂರಿಗೆ ಸೇರಿಸಿದೆ. ಬಾಕಿ ₹36,700.