ರಾಯಚೂರಿನ ಫೋಟೋ ವಾಕ್: ಎರಡು ವರ್ಷ ನಡೆದ ಮೇಲೆ

ಒಂದೇ ಒಂದು ಸಲ ಹೋಗಿ ಬರೋಣ ಅಂತಿದ್ದರೆ, ಗುಂಪಾಗಿ ಊರು ಸುತ್ತಿ ಫೋಟೋ ತೆಗೆಯುವ ಈ ಫೋಟೋ ವಾಕ್‌ಗೆ ಹೋಗಬೇಡಿ. ಒಂದು ವರ್ಷ ಬಿಡದೆ ಹೋಗುತ್ತೇನೆ ಅನ್ನುವವರು ಖಂಡಿತ ಸೇರಿ. ಎರಡು ವರ್ಷ, ನಲವತ್ತಕ್ಕೂ ಜಾಸ್ತಿ ಭಾನುವಾರ ನಡೆದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ನಾನು ಇಲ್ಲೇ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ಮನೆ ಲಿಂಗಸುಗೂರು ರಸ್ತೆ ಕಡೆ, ಕೃಷಿ ವಿಶ್ವವಿದ್ಯಾಲಯದ ಹತ್ತಿರ. ಬಾಡಿಗೆ ರೂಮು, ಮೆಸ್, ಝೆರಾಕ್ಸ್ ಅಂಗಡಿ, ಸಂಜೆಯಾದರೆ ಮಿರ್ಚಿ ಬಂಡಿ. ಓದುವ ಮಕ್ಕಳೇ ತುಂಬಿರುವ ಜಾಗ. ನಮ್ಮ ಗುಂಪಿನಲ್ಲೂ ಅರ್ಧಕ್ಕರ್ಧ ಹಾಸ್ಟೆಲ್ ಹುಡುಗ ಹುಡುಗಿಯರು. ಉಳಿದವರು ನನ್ನಂಥವರು, ಒಬ್ಬಿಬ್ಬರು ಅಂಗಡಿಯವರು, ಒಬ್ಬರು ನಿವೃತ್ತ ಮೇಷ್ಟ್ರು. ತಿಂಗಳಿಗೆ ಎರಡು ನಡಿಗೆ. ಒಂದಕ್ಕೆ 250 ರೂಪಾಯಿ, ಆರು ತಿಂಗಳಿಗೆ ಒಟ್ಟಿಗೆ ಕಟ್ಟಿದರೆ 2,500. ವಿದ್ಯಾರ್ಥಿಗಳಿಗೆ ಅರ್ಧ ದುಡ್ಡು. ಕ್ಯಾಮೆರಾ ಬೇಕೇಬೇಕು ಅಂತಿಲ್ಲ. ನಾನು ಮೊದಲ ಒಂದೂವರೆ ವರ್ಷ ಬರೀ ಫೋನಿನಲ್ಲೇ ತೆಗೆದೆ.

ಮೊದಲ ನಡಿಗೆ ಡಿಸೆಂಬರ್‌ನಲ್ಲಿ, ಬೆಳಗ್ಗೆ ಏಳಕ್ಕೆ. ಕೋಟೆಗೆ ಹೋದೆವು. ಒಳಕೋಟೆಯ ಪಶ್ಚಿಮದ ಗೋಡೆಯಲ್ಲಿ ಒಂದು ಭಾರೀ ಕಲ್ಲಿದೆ, ರಾಯಚೂರಿನವರು ಎಲ್ಲರೂ ನೋಡಿರುತ್ತೀರಿ. ಉದ್ದ 41 ಅಡಿಗೂ ಮೇಲೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ ಈ ಕೋಟೆ ಕಟ್ಟಿಸಿದ ವಿಷಯ ಅದರ ಮೇಲೆ ತೆಲುಗಿನಲ್ಲಿ ಕೆತ್ತಿದೆ. ಅವತ್ತು ಎಲ್ಲರಂತೆ ನಾನೂ ಇಪ್ಪತ್ತು ಮೂವತ್ತು ಫೋಟೋ ತೆಗೆದೆ. ಮನೆಗೆ ಬಂದು ನೋಡಿದರೆ ಒಂದು ಬೂದು ಬಣ್ಣದ ಕಲ್ಲು, ಅಷ್ಟೇ. 250 ರೂಪಾಯಿ ಸುಮ್ನೆ ಹೋಯಿತು ಅನ್ನಿಸಿತು. ಅವತ್ತೇ ವಿಮರ್ಶೆ ಬರೆದಿದ್ದರೆ ಎರಡು ಸ್ಟಾರ್ ಕೊಡುತ್ತಿದ್ದೆ.

ಐದು ತಿಂಗಳಾದ ಮೇಲೆ, ಮೇ ಮೊದಲ ವಾರದಲ್ಲಿ, ನಡೆಸುವ ಸರ್ ಒಂದು ಮೆಸೇಜ್ ಹಾಕಿದರು. ಈ ಸಲ ಮಧ್ಯಾಹ್ನ ಹನ್ನೆರಡಕ್ಕೆ ಬನ್ನಿ, ಟೋಪಿ, ನೀರು ತನ್ನಿ ಅಂತ. ರಾಯಚೂರಿನ ಮೇ ತಿಂಗಳು ಗೊತ್ತಲ್ವಾ? ಮಧ್ಯಾಹ್ನ ನಾಯಿ ಕೂಡ ನೆರಳು ಬಿಟ್ಟು ಏಳುವುದಿಲ್ಲ. ಬಂದವರು ಒಂಬತ್ತೇ ಜನ. ಸರ್ ಮೊದಲು ಒಂದು ನೀರಿನ ಬಾಟಲಿ ನೆಲದ ಮೇಲೆ ನೆಟ್ಟಗೆ ಇಟ್ಟರು. ಅದರ ನೆರಳು ಕುಗ್ಗುತ್ತಾ ಕುಗ್ಗುತ್ತಾ, ಹನ್ನೆರಡೂ ಕಾಲು ದಾಟುವ ಹೊತ್ತಿಗೆ ಬಾಟಲಿಯ ಬುಡದೊಳಗೇ ಸೇರಿಕೊಂಡಿತು. ನಮ್ಮೂರು ಇರುವುದು ಹದಿನಾರು ಡಿಗ್ರಿ ಉತ್ತರ ಅಕ್ಷಾಂಶಕ್ಕೆ ಸ್ವಲ್ಪ ಮೇಲೆ. ಹಾಗಾಗಿ ವರ್ಷಕ್ಕೆ ಎರಡು ಸಲ, ಮೇ ಮೊದಲ ವಾರ ಮತ್ತು ಆಗಸ್ಟ್ ಎರಡನೇ ವಾರದ ಹೊತ್ತಿಗೆ, ಸೂರ್ಯ ಸರಿಯಾಗಿ ನಮ್ಮ ನೆತ್ತಿಯ ಮೇಲೆ ಬರುತ್ತಾನೆ. ಇಲ್ಲೇ ಹುಟ್ಟಿ ಬೆಳೆದ ನನಗೆ ಇದು ಅವತ್ತು ಗೊತ್ತಾಯಿತು.

ಆಮೇಲೆ ಆ ಕಲ್ಲಿನ ಮುಂದೆ ನಿಲ್ಲಿಸಿದರು. "ಈಗ ಕ್ಯಾಮೆರಾ ಒಳಗಿಡಿ ಮೇಡಂ. ಹತ್ತು ನಿಮಿಷ ಸುಮ್ನೆ ನೋಡಿ" ಅಂದರು. ಸೂರ್ಯ ನೆತ್ತಿಯಿಂದ ಒಂದು ಕೂದಲೆಳೆ ಆ ಕಡೆ ಸರಿದ. ಬಿಸಿಲು ಮೇಲಿಂದ ಗೋಡೆಯನ್ನು ಸವರಿಕೊಂಡು ಇಳಿಯತೊಡಗಿತು. ಬೂದು ಕಲ್ಲಿನ ಮೇಲೆ ಒಂದೊಂದೇ ಗೆರೆ ಎದ್ದು ಬಂತು. ಒಂದು ಬಂಡಿ. ಬಂಡಿಯ ಮೇಲೆ ಉದ್ದನೆಯ ಕಲ್ಲು. ಎಳೆಯುತ್ತಿರುವ ಕೋಣಗಳ ಉದ್ದ ಸಾಲು. ಅವುಗಳನ್ನು ಹೊಡೆಯುವವರು, ಹಿಂದೆ ಚಕ್ರಕ್ಕೆ ಸನ್ನೆಗೋಲು ಹಾಕಿ ಮೀಟುವವರು. ಆ ಕಲ್ಲನ್ನು ಅಲ್ಲಿಗೆ ಹೇಗೆ ತಂದರು ಅನ್ನುವುದನ್ನು ಆ ಗೋಡೆಯ ಮೇಲೇ ಬರೆದಿಟ್ಟಿದ್ದಾರೆ! ಡಿಸೆಂಬರ್‌ನಲ್ಲಿ ನಾನು ಇದೇ ಗೋಡೆಯ ಎದುರು ನಿಂತಿದ್ದೆ. ಬೆಳಗ್ಗೆ ಆ ಗೋಡೆ ನೆರಳಿನಲ್ಲಿರುತ್ತದೆ. ಗೆರೆಯ ಆಳಕ್ಕೂ ಮೇಲ್ಮೈಗೂ ಒಂದೇ ಬೆಳಕು, ಹಾಗಾಗಿ ಏನೂ ಕಾಣಿಸಿರಲಿಲ್ಲ. ಈಗ ಪ್ರತಿ ಗೆರೆಯೊಳಗೂ ದಾರದಷ್ಟು ತೆಳ್ಳನೆಯ ಕಪ್ಪು ನೆರಳು ಕೂತಿತ್ತು. ನನ್ನ ಪಕ್ಕದಲ್ಲಿದ್ದ ಹಾಸ್ಟೆಲ್ ಹುಡುಗಿ "ಅಕ್ಕಾ, ಇದು ಮೊದಲೇ ಇತ್ತಾ?" ಅಂದಳು.

ಫೋನ್ ತಾನಾಗಿಯೇ ನೆರಳನ್ನೆಲ್ಲ ಬೆಳ್ಳಗೆ ಮಾಡಿಬಿಡುತ್ತದೆ. ಕೆತ್ತನೆ ತೆಗೆಯುವಾಗ ಅದೇ ತೊಂದರೆ. ಪರದೆಯ ಮೇಲೆ ಬೆರಳು ಒತ್ತಿ ಹಿಡಿದು, ಸೂರ್ಯನ ಗುರುತನ್ನು ಕೆಳಕ್ಕೆ ಎಳೆದು, ಬೆಳಕು ತಗ್ಗಿಸಿ ತೆಗೆಯಿರಿ ಅಂತ ಹೇಳಿಕೊಟ್ಟರು. ಅವತ್ತಿನ ಒಂದು ಫೋಟೋ ಈಗ ನಮ್ಮ ಲೈಬ್ರರಿಯ ಗೋಡೆಯ ಮೇಲಿದೆ.

ಈ ನಡಿಗೆಯ ಬೆಲೆ ಇರುವುದು ಇಲ್ಲೇ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಕರೆದುಕೊಂಡು ಹೋಗುತ್ತಾರೆ. ಹೊಸಬರು ಗೊಣಗುವುದೂ ಇದಕ್ಕೇ, "ಮತ್ತೆ ಕೋಟೇನಾ?" ಅಂತ. ನಿಲ್ಲಿ, ನಾಲ್ಕು ಸಲ ಬನ್ನಿ ಅನ್ನುತ್ತೇನೆ ನಾನು. ಏಕ್ ಮಿನಾರ್ ಮಸೀದಿಯನ್ನೇ ನೋಡಿ. 1513ರಲ್ಲಿ ಕಟ್ಟಿದ್ದು, ಮಿನಾರು ಸುಮಾರು 65 ಅಡಿ. ಹತ್ತಿರ ನಿಂತು ಫೋನ್ ಮೇಲಕ್ಕೆತ್ತಿದರೆ ಮಿನಾರು ಹಿಂದಕ್ಕೆ ಬೀಳುತ್ತಿರುವ ಹಾಗೆ ಬರುತ್ತದೆ. ಮೂರು ಸಲ ಹಾಗೇ ತೆಗೆದೆ. ನಾಲ್ಕನೇ ಸಲ ದೂರ ಹೋಗಿ, ಫೋನ್ ನೆಟ್ಟಗೆ ಹಿಡಿದು, ಮುಂದೆ ಒಂದಷ್ಟು ಬೀದಿಯನ್ನೂ ಸೇರಿಸಿದಾಗ ಅದು ನೆಟ್ಟಗೆ ನಿಂತಿತು. ಜೊತೆಗೆ ಚಹಾ ಅಂಗಡಿಯ ಹೊಗೆಯೂ ಬಂತು.

ಸರ್ ಇತಿಹಾಸದ ಪಾಠ ಮಾಡುವುದಿಲ್ಲ. 1520ರಲ್ಲಿ ಕೃಷ್ಣದೇವರಾಯನಿಗೂ ಇಸ್ಮಾಯಿಲ್ ಆದಿಲ್ ಶಾಹನಿಗೂ ಈ ಕೋಟೆಗಾಗಿ ನಡೆದ ಯುದ್ಧದ ಬಗ್ಗೆ ಎರಡು ಮಾತು ಹೇಳಿ ಬಿಟ್ಟುಬಿಡುತ್ತಾರೆ. ನನಗೆ ಅದು ಇಷ್ಟ. ಕಥೆ ಕೇಳುತ್ತಾ ನಿಂತರೆ ಬೆಳಕು ಕಾಯುವುದಿಲ್ಲ.

ಇನ್ನು ಸರಿ ಇಲ್ಲದ್ದು. ಚಳಿಗಾಲದಲ್ಲಿ ಜನ ಜಾಸ್ತಿ ಸೇರಿಸಿಕೊಳ್ಳುತ್ತಾರೆ. ಒಂದು ಸಲ ಇಪ್ಪತ್ತಾರು ಜನ ಇದ್ದೆವು. ಯಾರ ಫೋಟೋ ತೆಗೆದರೂ ಹಿಂದೆ ನಮ್ಮವರೇ ಇಬ್ಬರು ಬಗ್ಗಿ ನಿಂತಿರುತ್ತಿದ್ದರು. ಹತ್ತು ಹನ್ನೆರಡು ಜನರ ಮೇಲೆ ಹೋಗಬಾರದು. ಹೆಂಗಸರಿಗೆ ಶೌಚಾಲಯದ ತೊಂದರೆ ಇದೆ. ಮೂರು ಗಂಟೆ ನಡಿಗೆಯಲ್ಲಿ ಎಲ್ಲಿ ನಿಲ್ಲಬಹುದು ಅಂತ ಮೊದಲೇ ಹೇಳುವುದಿಲ್ಲ, ಕೇಳಿದರೆ ಮಾತ್ರ ಹೇಳುತ್ತಾರೆ. ಇದನ್ನು ಮೆಸೇಜ್‌ನಲ್ಲೇ ಹಾಕಿ ಅಂತ ಎರಡು ಸಲ ಹೇಳಿದ್ದೇನೆ. ಎಡಿಟಿಂಗ್ ಕ್ಲಾಸ್ ಅಂತ ಬೇರೆ ದುಡ್ಡು ತಗೊಳ್ಳುತ್ತಾರೆ, ಅದು ಬೇಡ. ದೇವಸೂಗೂರು ಕಡೆ ಕೃಷ್ಣಾ ನದಿಗೆ ಒಂದು ದಿನದ ಪ್ರವಾಸವೂ ಇದೆ. ಬೆಳಗಿನ ಮಂಜು, ಹಳೇ ಸೇತುವೆ ಎಲ್ಲ ಚಂದ. ಆದರೆ ಅರ್ಧ ದಿನ ಬಸ್ಸಿನಲ್ಲೇ ಕಳೆಯಿತು.

ನನಗೆ ನಿಜವಾಗಿ ಬೇಸರವಾದದ್ದು ಒಂದೇ. ಒಬ್ಬ ಹುಡುಗಿ ತೆಗೆದ ಫೋಟೋವನ್ನು ಅವಳನ್ನು ಕೇಳದೆ ನಡಿಗೆಯ ಪೋಸ್ಟರ್‌ಗೆ ಹಾಕಿದರು. ಹೆಸರೂ ಹಾಕಿರಲಿಲ್ಲ. ನಾವು ನಾಲ್ಕು ಜನ ಕೂತು ಮಾತಾಡಿದೆವು. ಪೋಸ್ಟರ್ ತೆಗೆದರು, ಅವಳ ಹತ್ತಿರ ಕ್ಷಮೆ ಕೇಳಿದರು. ಈಗ ಸೇರುವಾಗಲೇ ಒಂದು ಹಾಳೆಯಲ್ಲಿ ಒಪ್ಪಿಗೆ ಇದೆಯೋ ಇಲ್ಲವೋ ಅಂತ ಬರೆಸಿಕೊಳ್ಳುತ್ತಾರೆ.

ಇದು ನನಗೆ ಅಷ್ಟು ಚುಚ್ಚಲು ಕಾರಣ ಇದೆ. ಕೇಳಿ ತೆಗೆಯಬೇಕು ಅನ್ನುವುದನ್ನು ಕಲಿಸಿದವರೇ ಅವರು. ತರಕಾರಿ ಮಾರ್ಕೆಟ್ಟಿನಲ್ಲಿ ಒಬ್ಬ ಅಜ್ಜಿ ಒಣ ಮೆಣಸಿನಕಾಯಿ ಇಟ್ಟುಕೊಂಡು ಕೂರುತ್ತಾರೆ. ನಾನು ದೂರದಿಂದಲೇ ಫೋನ್ ಎತ್ತಿದೆ. ಅಜ್ಜಿ ಕಂಡುಹಿಡಿದರು. "ಯಾಕವ್ವ, ನಂದ್ಯಾಕ ಫೋಟೋ ತಗೀತಿ?" ಅಂದರು. ನಾನು ನಾಚಿಕೊಂಡು ಹಿಂದೆ ಸರಿದೆ. ಸರ್ ನನ್ನನ್ನು ಅಲ್ಲೇ ಕೂರಿಸಿದರು. ಕಾಲು ಕಿಲೋ ಮೆಣಸಿನಕಾಯಿ ತಗೊಂಡೆ, ಮಾತಾಡಿದೆ, ಆಮೇಲೆ ಕೇಳಿದೆ. ಅಜ್ಜಿ ಸೆರಗು ಸರಿ ಮಾಡಿಕೊಂಡು, ತಕ್ಕಡಿಯನ್ನು ಪಕ್ಕಕ್ಕಿಟ್ಟು, ನೆಟ್ಟಗೆ ಕೂತರು. ನಾನು ಅಂದುಕೊಂಡಿದ್ದ ಫೋಟೋ ಅದಲ್ಲ. ಆದರೆ ಅವರಿಗೆ ಬೇಕಾಗಿದ್ದ ಫೋಟೋ ಅದು. ಎರಡು ವಾರ ಬಿಟ್ಟು ಪ್ರಿಂಟ್ ಮಾಡಿಸಿ ಕೊಟ್ಟೆ. ಸೆರಗಿನ ತುದಿಯಲ್ಲಿ ಕೈ ಒರೆಸಿಕೊಂಡು, ಅಂಚು ಹಿಡಿದು ತಗೊಂಡರು. ಪಕ್ಕದ ಈರುಳ್ಳಿಯವಳಿಗೆ ತೋರಿಸಿದರು. "ನಮ್ಮ ಮೊಮ್ಮಗಂದೂ ತಗಿಬೇಕು ನೀ" ಅಂದರು. ಪ್ರಿಂಟ್ ತಂದು ಕೊಡುವುದು ಈ ಗುಂಪಿನ ನಿಯಮ. ಖರ್ಚು ನಮ್ಮದೇ, ಇಪ್ಪತ್ತು ಮೂವತ್ತು ರೂಪಾಯಿ ಆಗುತ್ತದೆ. ಬೇರೆ ಯಾವ ಗುಂಪು ಸೇರಿದರೂ ನಾನು ಇದನ್ನು ಬಿಡುವುದಿಲ್ಲ.

ಸೇರುವವರಿಗೆ ಎರಡು ಮಾತು. ಜೂನ್ ಕೊನೆಗೆ ಸೇರಿ, ಮೋಡದ ಬೆಳಕಿನಲ್ಲಿ ಜನರ ಮುಖ ತೆಗೆಯುವುದು ಹೊಸಬರಿಗೆ ಸುಲಭ. ಮೊದಲೇ ಹೊಸ ಕ್ಯಾಮೆರಾ ಕೊಳ್ಳಬೇಡಿ. ನಡಿಗೆ ಮುಗಿದ ಮೇಲೆ ಎಲ್ಲರೂ ಒಗ್ಗರಣೆ ಮಿರ್ಚಿ ತಿನ್ನಲು ಹೋಗುತ್ತಾರೆ, ಅದನ್ನು ತಪ್ಪಿಸಬೇಡಿ. ಒಬ್ಬರ ಫೋಟೋ ಇನ್ನೊಬ್ಬರು ನೋಡಿ ಬಿಚ್ಚು ಮನಸ್ಸಿನಿಂದ ಮಾತಾಡುವುದು ಅಲ್ಲೇ.

ನಾನು ಮುಂದಿನ ಆರು ತಿಂಗಳಿಗೂ ದುಡ್ಡು ಕಟ್ಟಿದ್ದೇನೆ. ಆಗಸ್ಟ್ ಎರಡನೇ ವಾರ ಮೋಡ ಇಲ್ಲದಿದ್ದರೆ, ಹನ್ನೆರಡೂವರೆಗೆ ಆ ಕಲ್ಲಿನ ಮುಂದೆ ಇರುತ್ತೇನೆ. ಈ ಸಲ ಮಗಳನ್ನೂ ಕರೆದುಕೊಂಡು ಹೋಗಬೇಕು.